ಖಾಲಿ ಸೀಸೆಯ ಕರ್ಪೂರ

ಗೌರವದ ಕಿರಣ್ ಸರ್ ಅವರಿಗೆ,

ಗಾಳಿಬೀಡಿನಿಂದ ಮೋಕ್ಷಿತಾಳ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮೊದಲು ಜಗಲಿಯ ಚಪ್ಪಲಿ ಗೂಡಿನ ಕಡೆ ಕಣ್ಣು ಹೋಯಿತು. ನೀವು ಬಿಟ್ಟುಹೋದ ಚರ್ಮದ ಚಪ್ಪಲಿ ಕೆಳಗಿನ ಸಾಲಿನಲ್ಲಿ ಇನ್ನೂ ಇದೆ. ಈ ಮಳೆಗೆ ಬೂಸ್ಟು ಹಿಡಿಯದ ವಸ್ತು ನಮ್ಮಲ್ಲಿ ಯಾವುದಿದೆ? ಅದಕ್ಕೂ ಹಿಡಿದಿತ್ತು. ಆದರೆ ಎಲ್ಲ ಕಡೆ ಅಲ್ಲ. ಹಿಮ್ಮಡಿ ಮತ್ತು ಬೆರಳುಗಳು ಒತ್ತಿದ ಜಾಗದಲ್ಲಿ ಮಾತ್ರ, ಯಾರೋ ಅಕ್ಕಿಹಿಟ್ಟು ತುಳಿದು ಬಂದು ಅದರ ಮೇಲೆ ನಿಂತು ಹೋದ ಹಾಗೆ ಬೆಳ್ಳಗೆ. ಒರೆಸೋಣವೆಂದು ಬಟ್ಟೆ ತಂದೆ. ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದು, ಒರೆಸದೆ ಒಳಗೆ ಬಂದೆ. ಬಂದವಳೇ ಈ ಕಾಗದ ಬರೆಯಲು ಕುಳಿತೆ.

ನಿಮ್ಮ ಈಗಿನ ಸಂಸ್ಥೆಯ ಪತ್ರ ಮೈಸೂರಿನಿಂದ ಗುರುವಾರ ಬಂತು. ಕೆಳಗೆ ನಿಮ್ಮ ಸಹಿ ಇತ್ತು. ‘ಗಾಳಿಬೀಡು ಕೇಂದ್ರದಲ್ಲಿ ಬಳಕೆಯಾಗದೆ ಉಳಿದಿರುವ ಉಪಕರಣವನ್ನು ನಮ್ಮ ಸಂಸ್ಥೆಗೆ ವರ್ಗಾಯಿಸಲು ತಮ್ಮ ಆಕ್ಷೇಪಣೆ ಇಲ್ಲವೆಂದು ತಿಳಿಸಬೇಕು’ ಎಂದಿತ್ತು. ಶಿವಶಂಕರಪ್ಪ ಸರ್ ಅದನ್ನು ಕನ್ನಡಕದ ಮೇಲಿನಿಂದಲೂ ಕೆಳಗಿನಿಂದಲೂ ಓದಿ ನನ್ನ ಮೇಜಿನ ಮೇಲಿಟ್ಟರು. “ಸೋಮವಾರದೊಳಗೆ ಉತ್ತರ ಬರೆದಿಡಮ್ಮ. ಕೊಡ್ತೀವಿ ಅಂತಾದ್ರೂ ಬರಿ, ಕೊಡಲ್ಲ ಅಂತಾದ್ರೂ ಬರಿ. ಕೇಂದ್ರ ಕಟ್ಟಿದೋನು ನಾನೇ, ಆದ್ರೆ ಆ ಮಿಷನ್ ಮುಂದೆ ಕೂತಿರೋಳು ನೀನು. ಕೊಡಲ್ಲ ಅಂದ್ರೆ ಮಾತ್ರ ನಡೆಸೋರು ಯಾರು ಅಂತ ಕೇಳ್ತಾರೆ, ನೆನಪಿರ್ಲಿ” ಎಂದರು. ಎರಡು ಹೆಜ್ಜೆ ಹೋದವರು ತಿರುಗಿ, “ನಮ್ಮ ಹುಡುಗನೇ ಕೇಳ್ತಿದಾನೆ ನೋಡು, ಅದೇ ಬೇಜಾರು” ಎಂದರು.

ಕಚೇರಿಯ ಉತ್ತರ ಕಚೇರಿಯ ಭಾಷೆಯಲ್ಲೇ ಬರುತ್ತದೆ. ಅದು ನಿಮ್ಮ ಕೈ ಸೇರುವ ಮೊದಲು ಇದು ಸೇರಲಿ ಎಂದು ಬರೆಯುತ್ತಿದ್ದೇನೆ. ಎದುರಿಗಿದ್ದಾಗ ನಾನು ನಿಮ್ಮೊಂದಿಗೆ ಹೆಚ್ಚು ಮಾತಾಡಿದವಳಲ್ಲ. ಬರೆದರೆ ಮಾತ್ರ ನನಗೆ ಮಾತು ಬರುತ್ತದೆ ಎಂಬುದು ನಿಮಗೂ ಗೊತ್ತು.

ಆ ಕಾರಣಕ್ಕೇ ಅಲ್ಲವೇ ನೀವು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು? ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ವಿಜ್ಞಾನದ ಕೇಂದ್ರದಲ್ಲಿ ನಿನಗೆಂಥ ಕೆಲಸ ಎಂದು ಅವ್ವ ನಕ್ಕಿದ್ದಳು. ಅನುದಾನದ ಅರ್ಜಿಯಲ್ಲಿ ಜನರಿಗೆ ಅರ್ಥವಾಗುವ ಒಂದು ಪುಟ ಇರಬೇಕಂತೆ, ಅದೂ ಆ ಜನರ ಭಾಷೆಯಲ್ಲೇ. ಮೊದಲ ದಿನ ನೀವು ಆ ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ಚಿತ್ರ ತೋರಿಸಿ, ಜೇನಿನಲ್ಲಿ ಯಾವ ಹೂವಿನ ಗಂಧವಿದೆ, ತೋಟಕ್ಕೆ ಹೊಡೆದ ಯಾವ ಔಷಧಿಯ ಅಂಶವಿದೆ ಎಂದು ಅದು ಬಿಡಿಸಿ ಹೇಳುವುದನ್ನು ವಿವರಿಸಿದಿರಿ. ನಾನು ತಲೆಯಾಡಿಸಿದೆ. “ಅರ್ಥ ಆಯ್ತಾ?” ಎಂದಿರಿ. ಇಲ್ಲವೆಂದು ಹೇಳಲು ನಾಚಿಕೆಯಾಗಿ ಮತ್ತೆ ತಲೆಯಾಡಿಸಿದೆ. ನೀವು ನಗಲಿಲ್ಲ. “ನಾಳೆ ಕಕ್ಕಬೆಗೆ ಹೋಗೋಣ. ಈ ಮಿಷನ್ ಯಾರಿಗೆ ಬೇಕೋ ಅವರ ಹತ್ರ ಕೂತರೆ ನಿಮಗೆ ಬರೆಯಕ್ಕೆ ಬರುತ್ತೆ” ಎಂದಿರಿ.

ಕಕ್ಕಬೆಯಲ್ಲಿ ನಾಣಯ್ಯ ಮಾವ ಕಾಫಿ ಗಿಡಗಳ ನಡುವೆ ಜೇನು ಪೆಟ್ಟಿಗೆಯ ಮುಚ್ಚಳ ತೆಗೆದು ನಿಂತಿದ್ದರು. ಸಂಬಂಧದಲ್ಲಿ ಅವರು ನನಗೆ ಮಾವ ಅಲ್ಲ, ನಮ್ಮ ಮನೆಮಾತನ್ನೇ ಆಡುವವರು ಎಂಬ ಸಲುಗೆಗೆ ಹಾಗೆ ಕರೆದೆ. ಆ ವರ್ಷ ಹೊರಗಿನ ವ್ಯಾಪಾರಿಯೊಬ್ಬ ಅವರ ಜೇನನ್ನು ವಾಪಸು ಕಳಿಸಿದ್ದ. ಬೆಲ್ಲದ ಪಾಕ ಬೆರೆಸಿದ್ದೀರಿ, ಔಷಧಿ ವಾಸನೆ ಬೇರೆ ಇದೆ ಎಂದಿದ್ದನಂತೆ. ಹಾಗಲ್ಲವೆಂದು ತೋರಿಸಲು ಜೇನನ್ನು ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಫಲಿತಾಂಶ ಬರುವಷ್ಟರಲ್ಲಿ ಮುಂದಿನ ಕಾಫಿ ಹೂವು ಬಂದಿರುತ್ತದೆ. ಅವರು ಜೇನಟ್ಟಿಯಿಂದ ಒಂದು ತುಂಡು ಮುರಿದು ನನ್ನ ಅಂಗೈಯಲ್ಲಿಟ್ಟರು. “ತಿಂದ್ ನೋಡ್ ಗೂಡೆ. ಇದ್ರಲ್ಲಿ ಪಾಕ ಉಟ್ಟಾ?” ಎಂದು ಕೇಳಿದರು. ನಮ್ಮಲ್ಲಿ ಹುಡುಗಿಯನ್ನು ಗೂಡೆ ಎನ್ನುತ್ತಾರೆಂದು ದಾರಿಯಲ್ಲಿ ನಿಮಗೆ ಹೇಳಿದೆ. ನಾನಾಗಿಯೇ ನಿಮಗೆ ಹೇಳಿದ ಮೊದಲ ಮಾತು ಅದೇ ಇರಬೇಕು.

ಯಂತ್ರದ ಬೆಲೆ ಕೇಳಿ ನಾಣಯ್ಯ ಮಾವ ನೊಣಗಳಿಗೆ ಹಿಡಿಯುವ ಹೊಗೆ ಡಬ್ಬಿಯನ್ನೇ ಕೆಳಗಿಟ್ಟುಬಿಟ್ಟರು. “ಒಂದೂವರೆ ಕೋಟಿಗೆ ಒಂದ್ ಮೂಗಾ? ನನ್ನ ಮೂಗು ಪುಕ್ಕಟೆ ಉಟ್ಟಲ್ಲ ಮಾರಾಯ್ರೆ!” ನೀವು ಗಂಭೀರವಾಗಿ, “ನಿಮ್ಮ ಮೂಗು ಸರಿಯಾಗೇ ಹೇಳುತ್ತೆ, ಆದ್ರೆ ಆ ವ್ಯಾಪಾರಿ ನಂಬಲ್ವಲ್ಲ” ಎಂದಿರಿ. ಅವರು ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು, “ಅದ್ ಸರಿ” ಎಂದರು.

ಮರಳಿ ಬಂದು ಆ ಒಂದು ಪುಟ ಬರೆದೆ. ಕೊನೆಯ ಸಾಲು ನಿಮಗೆ ನೆನಪಿರಬಹುದು. ‘ತಾನು ಶುದ್ಧವೆಂದು ಹೇಳಿಸಿಕೊಳ್ಳಲು ಇನ್ನು ಕೊಡಗಿನ ಜೇನು ಜಿಲ್ಲೆ ದಾಟಿ ಹೋಗಬೇಕಾಗಿಲ್ಲ.’ ನೀವು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದನ್ನ ಮಾತ್ರ ತೆಗೀಬೇಡಿ” ಎಂದಿರಿ. ಕನ್ನಡಕವಿಲ್ಲದ ನಿಮ್ಮ ಮುಖವನ್ನು ನಾನು ನೋಡಿದ್ದು ಆಗಲೇ. ಕಣ್ಣಿನ ಪಕ್ಕ ಮೂಗಿನ ಮೇಲೆ ಎರಡು ಕೆಂಪು ಗುರುತುಗಳಿದ್ದವು. ಆ ಮಾತಿನ ಮೇಲೆ ನಾನು ಬಹಳ ಕಾಲ ಬದುಕಿದೆ ಸರ್. ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ.

ದೆಹಲಿಯ ಸಮಿತಿಯವರು, ಕರೆಂಟೇ ಸರಿಯಾಗಿ ಇರದ ಹಳ್ಳಿಗೆ ಇಷ್ಟು ದುಬಾರಿ ಉಪಕರಣ ಏಕೆ ಎಂದು ಕೇಳಿದರಂತೆ. ಆಗ ನೀವು ನನ್ನ ಸಾಲನ್ನು ಇಂಗ್ಲಿಷಿಗೆ ಮಾಡಿ ಹೇಳಿದಿರಂತೆ. ಅನುದಾನ ಸಿಕ್ಕಿತು. ಯಂತ್ರಕ್ಕೆ ಹಣ ಸಿಕ್ಕಿತು, ಯುಪಿಎಸ್‌ಗೆ ಸಿಕ್ಕಿತು, ಗೋಡೆಯ ಬಣ್ಣಕ್ಕೂ ಸಿಕ್ಕಿತು. ಅದನ್ನು ನಡೆಸುವವರ ಹುದ್ದೆಯ ಮೇಲೆ ಮಾತ್ರ ಗೆರೆ ಎಳೆದಿದ್ದರು. “ಕಾಫಿ ಹಣ್ಣು ಸುಲಿಯೋ ಒಂದು ಪಲ್ಪರ್ ಕೊಂಡ್ರೂ ತಿರುಗಿಸೋಕೆ ಒಬ್ಬ ಆಳು ಬೇಕಪ್ಪ, ಇವ್ರಿಗೆ ಇಷ್ಟೂ ಗೊತ್ತಾಗಲ್ವಾ” ಎಂದು ಶಿವಶಂಕರಪ್ಪ ಸರ್ ದಿನವಿಡೀ ಗೊಣಗಿದರು. ಎರಡನೇ ಕಂತಿನಲ್ಲಿ ಕೇಳಿದರಾಯಿತು, ಅಲ್ಲಿಯವರೆಗೆ ನಾನೇ ನೋಡಿಕೊಳ್ಳುತ್ತೇನೆ ಎಂದು ನೀವು ಅವರನ್ನು ಸಮಾಧಾನ ಮಾಡಿದಿರಿ. ನಿಮ್ಮ ಸಂಬಳವೂ ಆ ಎರಡನೇ ಕಂತಿನಲ್ಲೇ ಇತ್ತು ಎಂದು ನನಗೆ ಆಮೇಲೆ ತಿಳಿಯಿತು.

ಯಂತ್ರ ಬಂದದ್ದು ನವರಾತ್ರಿಯ ಹೊತ್ತಿಗೆ. ಗಾಳಿಬೀಡಿನ ತಿರುವಿನಲ್ಲಿ ಲಾರಿ ತಿರುಗದೆ, ಪೆಟ್ಟಿಗೆಯನ್ನು ಪಿಕಪ್ಪಿಗೆ ಬದಲಾಯಿಸಬೇಕಾಯಿತು. ವಾಲಿದರೆ ಕೆಂಪಾಗುವ ಚೀಟಿ ಪೆಟ್ಟಿಗೆಗೆ ಅಂಟಿಸಿತ್ತು. ನೀವು ಹಿಂದೆ ಕುಳಿತು ದಾರಿಯುದ್ದಕ್ಕೂ ಆ ಚೀಟಿಯನ್ನೇ ನೋಡುತ್ತಿದ್ದಿರಿ. ಕಂಪನಿಯವರು ಜೋಡಿಸಿ ಹೋದ ಎರಡನೇ ದಿನ ಆಯುಧಪೂಜೆ. ನಿಮ್ಮ ಊರಾದ ಶನಿವಾರಸಂತೆಯಿಂದ ನಿಮ್ಮ ತಾಯಿ ಶಕುಂತಲಮ್ಮ ಹರಿವಾಣ ಹಿಡಿದೇ ಬಂದಿಳಿದರು.

ನಮ್ಮ ಜಿಲ್ಲೆಯಲ್ಲಿ ಆ ದಿನ ಹೂವಿಲ್ಲದ ಯಂತ್ರ ಉಂಟೇ? ಜೀಪು, ಪಲ್ಪರ್, ಕಳೆ ಕೊಚ್ಚುವ ಮಿಷನ್, ಕೋವಿ, ಎಲ್ಲದಕ್ಕೂ ಅರಿಶಿನ ಕುಂಕುಮ. “ಅಮ್ಮ, ಇದರ ಹತ್ರ ಹೊಗೆ ಆಗಲ್ಲ” ಎಂದು ನೀವು ಶುರು ಮಾಡಿದಿರಿ. ಅವರು, “ನೀನು ಸುಮ್ಮನಿರೋ. ನಿಮ್ಮಪ್ಪ ಮೊದಲ್ನೇ ಸೈಕಲ್ ತಂದಾಗ್ಲೂ ಪೂಜೆ ಮಾಡಿದೀನಿ. ಕೋಟಿ ರೂಪಾಯಿ ಸಾಮಾನು ತಂದು ಒಂದು ಕಾಯಿ ಒಡೀದೆ ಹೆಂಗೋ ಶುರು ಮಾಡ್ತೀಯ? ನಿನ್ನ ಮಿಷನ್ನಿಗೆ ದೃಷ್ಟಿ ಆಗಲ್ವೇನೋ?” ಎಂದರು. ತಡೆಯಲು ನಿಮ್ಮ ಕೈ ಅರ್ಧ ಮೇಲೆದ್ದದ್ದನ್ನು ನಾನು ನೋಡಿದೆ. ಅವರ ಮುಖ ನೋಡಿ ಅದು ಕೆಳಗಿಳಿದದ್ದನ್ನೂ ನೋಡಿದೆ. ಅವರು ಯಂತ್ರದ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಬಿಲ್ವಪತ್ರೆ ಇಟ್ಟು, ಅಂಗೈ ತುಂಬ ಕರ್ಪೂರ ಹಚ್ಚಿ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅದಕ್ಕೆ ಮೂರು ಸುತ್ತು ಆರತಿ ಎತ್ತಿದರು. ಆಮೇಲೆ ನಮ್ಮಿಬ್ಬರಿಗೂ ಆರತಿ ಕೊಟ್ಟರು. ಒಂದೇ ತಟ್ಟೆಯ ಮೇಲೆ ನಿಮ್ಮ ಕೈ, ನನ್ನ ಕೈ. ಈ ಹುಡುಗಿ ಯಾರ ಪೈಕಿ ಎಂದು ಅವರು ಕೇಳಿದಾಗ ನೀವು, “ನಮ್ಮ ಅರ್ಜಿ ಬರೆದೋರು” ಎಂದಿರಿ.

ಮುಂದಿನದು ನಿಮಗೇ ಗೊತ್ತು. ಕಕ್ಕಬೆಯ ಜೇನಿನಲ್ಲಿ ಕರ್ಪೂರ. ಗಾಳಿಬೀಡಿನ ಜೇನಿನಲ್ಲಿ ಕರ್ಪೂರ. ಮಾಕುಟ್ಟದ ಕಾಡಂಚಿಗೆ ಹೋಗಿ ತಂದ ಜೇನಿನಲ್ಲೂ ಕರ್ಪೂರ. ಅಲ್ಲಿನ ಚೆಕ್‌ಪೋಸ್ಟಿನವನು ನಮ್ಮ ಸೀಸೆಗಳನ್ನು ನೋಡಿ, “ಏನ್ ಸಾರ್, ಮೇಡಮ್ಮನ್ನ ಕೂರಿಸ್ಕೊಂಡು ಎಣ್ಣೆ ಸಾಗಿಸ್ತಿದೀರಾ?” ಎಂದಾಗ ನೀವು ಕಿವಿಯವರೆಗೆ ಕೆಂಪಾಗಿದ್ದಿರಿ. ಫಲಿತಾಂಶ ಕೇಳಿದ ನಾಣಯ್ಯ ಮಾವ ಫೋನಿನಲ್ಲೇ ಕೂಗಿದರು. “ನನ್ನ ಜೇನ್ಲಿ ಕರ್ಪೂರ ಎಲ್ಲಿಂದ ಬಾತ್? ನನ್ನ ನೊಣಗ ದೇವಸ್ಥಾನಕ್ಕೆ ಹೋಗಿ ಮಂಗಳಾರತಿ ತಕಂಡ್ ಬಂದೊ?” ಆಗ ನೀವು ಒಂದು ಖಾಲಿ ಸೀಸೆಯನ್ನು ಮುಚ್ಚಿ, ಯಂತ್ರದೊಳಗಿಟ್ಟು ನೋಡಿದಿರಿ. ಏನೂ ಇಲ್ಲದ ಸೀಸೆ. ಪರದೆಯ ಮೇಲೆ ಕರ್ಪೂರದ ಗೆರೆ ಕತ್ತಿಯ ಹಾಗೆ ಎದ್ದು ನಿಂತಿತು. ಮೊದಲು ನೀವೇ ನಕ್ಕಿರಿ. ನಾನೂ ನಕ್ಕೆ. ನಾವು ಜೊತೆಯಾಗಿ ನಕ್ಕದ್ದು ಅದೊಂದೇ ಸಲ.

ಗೋಡೆ ತೊಳೆಸಿದಿರಿ, ಏಸಿಯ ಜಾಲರಿ ಬದಲಿಸಿದಿರಿ, ಯಂತ್ರದ ಒಳಗಿನ ಒಲೆಯನ್ನು ಕಾಯಿಸಿ ಕಾಯಿಸಿ ನೋಡಿದಿರಿ. ಕರ್ಪೂರ ಇಳಿಯಿತು, ಪೂರ್ತಿ ಹೋಗಲಿಲ್ಲ. ಜನವರಿಯಲ್ಲಿ ಪರಿಶೀಲನೆಗೆ ಬಂದವರು ಇದು ಹೇಗಾಯಿತು ಎಂದು ಕೇಳಿದರು. ನಾನು ಮೂಲೆಯಲ್ಲಿ ಕುಳಿತು ಸಭೆಯ ನಡಾವಳಿ ಬರೆಯುತ್ತಿದ್ದೆ. ನೀವು, “ನನ್ನ ಅಜಾಗರೂಕತೆ. ಕೋಣೆಯ ಶುದ್ಧತೆಯ ಜವಾಬ್ದಾರಿ ನನ್ನದು” ಎಂದಿರಿ. ಅಷ್ಟೇ. ಅವರು ಒತ್ತಿ ಕೇಳಿದರೂ ಅಷ್ಟೇ. ಎರಡನೇ ಕಂತು ಅಲ್ಲಿಗೆ ನಿಂತಿತು. ಅದೇ ಸಂಜೆ ನಿಮ್ಮ ತಾಯಿಯ ಫೋನು ಬಂತು. ಮಿಷನ್ ಹೇಗಿದೆ ಎಂದು ಕೇಳಿರಬೇಕು. “ಚೆನ್ನಾಗಿದೆ ಅಮ್ಮ. ನಿನ್ನ ಪೂಜೆ ಅಲ್ವಾ, ಚೆನ್ನಾಗಿಲ್ದೆ ಏನಾಗುತ್ತೆ” ಎಂದಿರಿ. ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ನನಗೆ, ಈ ಮನುಷ್ಯನ ಹತ್ತಿರ ಇರಬೇಕು ಎನ್ನಿಸಿದ್ದು ಆಗ. ಅದಕ್ಕಿಂತ ದೊಡ್ಡ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಮಳೆ ಹಿಡಿಯುವ ಮೊದಲು ನೀವು ಹೊರಟಿರಿ. ಸಂಬಳವಿಲ್ಲದೆ ಎಷ್ಟು ದಿನ ಇರಲು ಸಾಧ್ಯ? ನಾನು ಅದನ್ನು ತಪ್ಪೆಂದು ಹೇಳುವುದಿಲ್ಲ. ಕಾರಿನ ಬಾಗಿಲು ತೆಗೆದು ನಿಂತವರು, “ಮೋಕ್ಷಿತಾ…” ಎಂದಿರಿ. ನಾನು ಕಾದೆ. “ಮಿಷನ್ನಿನ ಗಾಳಿ ಎಳೆಯೋ ಪಂಪ್ ಆಫ್ ಆಗೋಕೆ ಬಿಡಬೇಡಿ. ವಾರಕ್ಕೊಮ್ಮೆ ಖಾಲಿ ಸೀಸೆ ಓಡಿಸಿ” ಎಂದಿರಿ. ನಾನು ಆಗಲಿ ಸರ್ ಎಂದೆ.

ಅಂದಿನಿಂದ ಇಲ್ಲಿ ನಾನು, ಯಂತ್ರ, ಮಳೆ. ಶಿವಶಂಕರಪ್ಪ ಸರ್ ಮಂಡಿ ನೋವೆಂದು ವಾರಕ್ಕೊಮ್ಮೆ ಬಂದರೆ ಹೆಚ್ಚು. ಬೆಳಿಗ್ಗೆ ತೇವ ಹೀರುವ ಪೆಟ್ಟಿಗೆಯ ನೀರನ್ನು ಹೊರಗೆ ಚೆಲ್ಲುತ್ತೇನೆ. ಗಾಳಿಬೀಡಿನ ಗಾಳಿಯಲ್ಲಿರುವ ನೀರನ್ನು ಪಾತ್ರೆಯಲ್ಲಿ ಹಿಡಿದು ಮತ್ತೆ ಗಾಳಿಬೀಡಿಗೇ ಚೆಲ್ಲುವ ಕೆಲಸ. ಕರೆಂಟು ಹೋದರೆ ಜನರೇಟರಿನ ಹಗ್ಗ ಎಳೆಯುತ್ತೇನೆ. ಅದು ಒಂದೇ ಎಳೆತಕ್ಕೆ ಹತ್ತುವುದಿಲ್ಲ. ಕೈಗೆ ಬೊಬ್ಬೆ ಬಂದಾಗ ಅವ್ವ, “ಎಂತ ಕೆಲಸ ನಿಂದ್, ಮಿಷನ್ ಬಾಣಂತನನಾ?” ಎಂದಳು. ಪಂಪಿನ ಸದ್ದಿನ ಪಕ್ಕ ಕುಳಿತು ಪುಸ್ತಕ ಓದುತ್ತೇನೆ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಧ್ವನಿ ನನಗೇ ಕೇಳಿಸಿರುವುದಿಲ್ಲ. ಸಂಜೆ ಬಸ್ಸಿನಲ್ಲಿ ಕಂಡಕ್ಟರಿಗೆ ಊರಿನ ಹೆಸರು ಹೇಳುವಾಗ ಗಂಟಲು ಒಡೆದ ಹಾಗಾಗುತ್ತದೆ.

ಮೊದಮೊದಲು ನೀವು ಫೋನು ಮಾಡಿ ಯಂತ್ರದ ಒಳಗಿನ ಒತ್ತಡ ಎಷ್ಟಿದೆ ಎಂದು ಕೇಳುತ್ತಿದ್ದಿರಿ. ಆಮೇಲೆ ನಾನೇ ಆ ಅಂಕೆಯನ್ನು ವಾಟ್ಸಾಪ್ ಮಾಡತೊಡಗಿದೆ. ನೀವು ಹೆಬ್ಬೆರಳಿನ ಗುರುತು ಹಾಕುತ್ತಿದ್ದಿರಿ. ಆಮೇಲೆ ಎರಡು ನೀಲಿ ಗೆರೆ ಮಾತ್ರ. ನೀವು ವಿಚಾರಿಸುತ್ತಿದ್ದದ್ದು ಯಂತ್ರವನ್ನು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಅಂಕೆ ಕಳಿಸುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದೆ. ನಗಬೇಡಿ.

ನಿಮಗೆ ತಿಳಿಸದ ಒಂದು ವಿಷಯವಿದೆ. ಕಳೆದ ವಾರ ಖಾಲಿ ಸೀಸೆ ಓಡಿಸಿದಾಗ ಪರದೆಯ ಮೇಲೆ ಏನೂ ಏಳಲಿಲ್ಲ. ಮತ್ತೊಂದು ಸೀಸೆ ಇಟ್ಟು ನೋಡಿದೆ. ಗೆರೆ ನೀರು ನಿಂತ ಗದ್ದೆಯ ಹಾಗೆ ಸಪಾಟಾಗಿತ್ತು. ಕರ್ಪೂರ ಹೋಗಿದೆ ಸರ್. ನಿಮಗೆ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ನಿಮ್ಮದೇ ಕರೆ ಬಂತು. ಎಷ್ಟು ದಿನಗಳ ಮೇಲೆ! “ಮೋಕ್ಷಿತಾ, ಒಂದು ಪತ್ರ ಬರುತ್ತೆ, ಬೇಜಾರು ಮಾಡ್ಕೋಬೇಡಿ. ಅಲ್ಲಿ ಆ ಮಿಷನ್ ಸುಮ್ಮನೆ ಹಾಳಾಗುತ್ತೆ, ಇಲ್ಲಿ ಹುಡುಗರಿದ್ದಾರೆ, ಕೆಲಸಕ್ಕೆ ಬರುತ್ತೆ. ಇಲ್ಲೊಂದು ಪ್ರಾಜೆಕ್ಟ್ ಅಸಿಸ್ಟೆಂಟ್ ಪೋಸ್ಟ್ ಇದೆ. ಮಿಷನ್ ಜೊತೆ ನೀವೂ ಬಂದುಬಿಡಿ” ಎಂದಿರಿ. ಯೋಚಿಸಿ ಹೇಳುತ್ತೇನೆ ಎಂದೆ. ಕರ್ಪೂರದ ಮಾತು ಬಾಯಲ್ಲೇ ಉಳಿಯಿತು.

ನೀವು ಫೋನಿಟ್ಟ ಮೇಲೆ ನಾನು ಮೈಸೂರಿನಲ್ಲಿ ಒಂದು ಬಾಡಿಗೆ ಕೋಣೆಯನ್ನು ಮನಸ್ಸಿನಲ್ಲೇ ಜೋಡಿಸಿಬಿಟ್ಟೆ. ಕಿಟಕಿಯ ಬದಿಗೆ ಮೇಜು, ಒಂದು ಸ್ಟವ್, ಬೂಸ್ಟು ಹಿಡಿಯದ ಪುಸ್ತಕಗಳು. ಸಂಜೆ ನೀವು ದಾರಿಯಲ್ಲಿ ಎದುರಾಗಿ ಕಾಫಿ ಆಯ್ತಾ ಎಂದು ಕೇಳುವುದು. ಇಷ್ಟು ದಿನ ನಾನು ಕಾದದ್ದು ‘ನೀವೂ ಬನ್ನಿ’ ಎಂಬ ಮಾತಿಗೇ. ಅದು ಬಂದಾಗ ಅದರ ಮೊದಲು ‘ಮಿಷನ್ ಜೊತೆ’ ಎಂಬುದೊಂದು ಇತ್ತು. ಅದಕ್ಕೂ ನಾನು ಸಿದ್ಧಳಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಸಿದ್ಧಳಿದ್ದೆ.

ಆದರೆ ಶುಕ್ರವಾರ ನಾಣಯ್ಯ ಮಾವ ಬಂದರು. ಮಳೆಯಲ್ಲಿ ಎರಡು ಬಸ್ಸು ಬದಲಿಸಿ, ಪಂಚೆಯ ಅಂಚು ಹಿಂಡುತ್ತಾ ಜಗಲಿಗೆ ಹತ್ತಿ, “ಎಂತ ಗೂಡೆ, ನಿಮ್ಮ ಮೂಗಿಗೆ ಇನ್ನೂ ಶೀತನಾ?” ಎಂದರು. ಚೀಲದಿಂದ ಒಂದು ಸೀಸೆ ಜೇನು ತೆಗೆದಿಟ್ಟರು. ಈ ವರ್ಷವೂ ಅದೇ ವ್ಯಾಪಾರಿ ಅದೇ ಮಾತು ಹೇಳಿದ್ದಾನಂತೆ. ಊರಿನ ಬೇರೆ ಇಬ್ಬರು ಪೆಟ್ಟಿಗೆಗಳನ್ನೇ ಮಾರಿಬಿಟ್ಟರಂತೆ. “ನಾನ್ ಮಾರಿಲ್ಲೆ. ನೀ ಬರೆದ್ದು ಓದಿ ಹೇಳಿದ್ದೆಯಲ್ಲ, ಜೇನು ಜಿಲ್ಲೆ ದಾಟದ್ ಬೇಡ ಅಂತ. ನಾನ್ ಎಲ್ಲರಿಗೂ ಹೇಳಿ ಕೂತಿದ್ದೇನೆ” ಎಂದರು. ಯಂತ್ರ ಹೋಗುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ.

ಖಾಲಿ ಸೀಸೆ ಓಡಿಸುವುದೊಂದೇ ನನಗೆ ಗೊತ್ತಿದ್ದದ್ದು. ಅದೇ ಕ್ರಮದಲ್ಲಿ ಅವರ ಜೇನನ್ನು ಇಟ್ಟೆ. ಇಬ್ಬರೂ ಸ್ಟೂಲಿನ ಮೇಲೆ ಕುಳಿತು ಕಾದೆವು. ಪರದೆಯ ಮೇಲೆ ಗೆರೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಚಿಕ್ಕವು, ದೊಡ್ಡವು, ಒಂದಕ್ಕೊಂದು ಅಂಟಿಕೊಂಡವು. ಕರ್ಪೂರದ ಜಾಗ ಖಾಲಿ ಇತ್ತು. ಉಳಿದವುಗಳಲ್ಲಿ ಯಾವುದು ಕಾಫಿ ಹೂವು, ಯಾವುದು ಕಾಡಿನದು, ಯಾವುದು ಔಷಧಿ, ನನಗೆ ತಿಳಿಯಲಿಲ್ಲ. ಇದನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ ಮಾವ ಎಂದೆ. ಅವರು ಬೇಸರಿಸಲಿಲ್ಲ. ಪರದೆಯನ್ನೇ ನೋಡುತ್ತಾ, “ಕಲಿಯಕೆ ಎಷ್ಟ್ ದಿನ ಬೇಕು?” ಎಂದರು, ತಿರುವಿನಾಚೆಯ ಅಂಗಡಿಗೆ ಎಷ್ಟು ದೂರ ಎಂದು ಕೇಳುವ ಹಾಗೆ. ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅವರು ಹೋದ ಮೇಲೆ ಯಂತ್ರ ಕೊಂಡಾಗಿನ ಕರಾರು ತೆಗೆದು ನೋಡಿದೆ. ಬೆಲೆಯೊಳಗೇ ಒಬ್ಬರಿಗೆ ಮೂರು ವಾರದ ತರಬೇತಿ ಸೇರಿದೆ. ಯಂತ್ರ ನಡೆಸುವ ಹುದ್ದೆಯವರಿಗೆಂದು ಇಟ್ಟದ್ದು. ಹುದ್ದೆಯೇ ಬರಲಿಲ್ಲ, ಹಾಗಾಗಿ ಆ ಜಾಗ ಹಾಗೇ ಉಳಿದಿದೆ. ಕಂಪನಿಯ ಬೆಂಗಳೂರಿನ ಕಚೇರಿಗೆ ಫೋನು ಮಾಡಿದೆ. ಅಪರಿಚಿತರಿಗೆ ನಾನಾಗಿ ಫೋನು ಮಾಡುವುದೆಂದರೆ ಏನೆಂದು ನಿಮಗೆ ಗೊತ್ತಲ್ಲ. ನೀವು ಏನು ಓದಿದ್ದೀರಿ ಎಂದು ಕೇಳಿದರು. ಕನ್ನಡ ಎಂದೆ. ಕನ್ನಡವೇ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ, “ಕೇಂದ್ರದಿಂದ ನಿಮ್ಮ ಹೆಸರು ಬರೆದು ಕಳಿಸಿದ್ರೆ ನಮಗೇನೂ ತೊಂದರೆ ಇಲ್ಲ ಮೇಡಂ, ಆದ್ರೆ ಕಷ್ಟ ಆಗುತ್ತೆ” ಎಂದರು. ಆಗಲಿ ಎಂದೆ.

ನಿಮ್ಮ ವಾದ ತಪ್ಪಲ್ಲ. ಮೈಸೂರಿನಲ್ಲಿ ಆ ಯಂತ್ರ ದಿನವಿಡೀ ಓಡುತ್ತದೆ, ಇಲ್ಲಿ ವಾರದಲ್ಲಿ ಕೆಲವು ಸೀಸೆ ಕಂಡರೆ ಹೆಚ್ಚು. ನನಗೆ ಕಲಿಯಲು ಬಾರದೆಯೂ ಹೋಗಬಹುದು. ಆಗ ನಿಮ್ಮ ಪತ್ರಕ್ಕೆ ಬೇರೆ ಉತ್ತರ ಬರೆಯುವವಳೂ ನಾನೇ. ಆದರೆ ‘ಬಳಕೆಯಾಗದೆ ಉಳಿದಿರುವ’ ಎಂದು ನೀವು ಬರೆದಿರಲ್ಲ, ಅದು ನಿಜವಲ್ಲ ಸರ್. ಇಷ್ಟು ತಿಂಗಳು ಅದನ್ನು ಉಸಿರಾಡಿಸಿದ್ದು ನಾನು. ಕಕ್ಕಬೆಯವರ ಹೆಸರಿನಲ್ಲಿ ಕೇಳಿ ಪಡೆದದ್ದನ್ನು, ಅವರ ಜೇನು ಒಂದು ಸಲವೂ ಸರಿಯಾಗಿ ನೋಡದೆ, ಅವರನ್ನು ಒಂದು ಮಾತು ಕೇಳದೆ ಲಾರಿ ಹತ್ತಿಸಲು ನನ್ನಿಂದ ಆಗುವುದಿಲ್ಲ. ಆ ಸಾಲನ್ನು ತೆಗೆಯಬೇಡಿ ಎಂದವರು ನೀವು. ಬರೆದವಳು ನಾನು.

ಆದ್ದರಿಂದ ಸೋಮವಾರದ ಉತ್ತರದಲ್ಲಿ, ನಮ್ಮ ಕೇಂದ್ರಕ್ಕೆ ಆಕ್ಷೇಪಣೆ ಇದೆ ಎಂದು ಬರೆಯುತ್ತೇನೆ. ಅದರ ಕೆಳಗೆ, ಉಪಕರಣವನ್ನು ನಡೆಸುವವರು ಎಂಬಲ್ಲಿ ನನ್ನ ಹೆಸರು. ನಿಮ್ಮ ಸಂಸ್ಥೆಯಲ್ಲಿ ನಿಮಗೆ ಇದರಿಂದ ಮುಜುಗರವಾಗಬಹುದು. ನನ್ನ ಮೇಲೆ ಕೋಪ ಬರಬಹುದು. ಇನ್ನು ಫೋನು ಬರದಿರಲೂಬಹುದು. ಅದೆಲ್ಲ ಯೋಚಿಸಿದ ಮೇಲೆಯೇ ನಿರ್ಧರಿಸಿದ್ದೇನೆ. ಅಲ್ಲಿನ ಹುದ್ದೆಗೆ ನಾನು ಬರುವುದಿಲ್ಲ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕೇಳಿದರೆ ಮಿಷನ್ ಚೆನ್ನಾಗಿದೆ ಎಂದು ಹೇಳಿ, ಈಗ ಅದು ಸುಳ್ಳಲ್ಲ. ಮೈಸೂರಿನಲ್ಲಿ ನಿಮ್ಮ ಕೆಲಸ ಕೈಗೂಡಲಿ, ಹೊತ್ತಿಗೆ ಸರಿಯಾಗಿ ಊಟ ಮಾಡುವವರಾಗಿ, ನಿಮ್ಮ ಮೌನವನ್ನು ಅರ್ಥ ಮಾಡಿಕೊಳ್ಳುವವರು ನಿಮಗೆ ಸಿಗಲಿ. ಅದು ನಾನಾಗಿರಬಹುದು ಎಂದು ಕಾಯುವುದನ್ನು ಈ ಕಾಗದದೊಂದಿಗೆ ನಿಲ್ಲಿಸುತ್ತಿದ್ದೇನೆ.

ಗಾಳಿಬೀಡಿನಿಂದ,
ನಿಮ್ಮ ಅರ್ಜಿ ಬರೆದವಳು,
ಮೋಕ್ಷಿತಾ